ಸ್ವೈಪ್ ಮಾಡಿದರೂ ಆಬ್ಸೆಂಟ್: ಆಫೀಸಿನ ಹಾಜರಾತಿ ಲೆಕ್ಕ ತಪ್ಪುವುದೆಲ್ಲಿ?

ತಿಂಗಳ ಮೊದಲ ವಾರ ಎಚ್‌ಆರ್‌ನಿಂದ ಬರುವ ಮೇಲ್‌ನಲ್ಲಿ ಸಾಮಾನ್ಯವಾಗಿ ಒಂದೇ ಒಂದು ಅಂಕಿ ಇರುತ್ತದೆ. ನಿಮ್ಮ ಹಾಜರಾತಿ 58% ಅಂತ. ಯಾವ ದಿನ ಬಿಟ್ಟುಹೋಯಿತು, ಯಾವ ಗೇಟಿನ ಸ್ವೈಪ್ ಸಿಗಲಿಲ್ಲ, ರಜೆಯನ್ನು ಎಲ್ಲಿ ಸೇರಿಸಿದರು ಎಂಬ ವಿವರ ಇರುವುದಿಲ್ಲ. ಅದರ ಪ್ರತಿ ಮಾತ್ರ ಮ್ಯಾನೇಜರ್‌ಗೆ ತಪ್ಪದೆ ಹೋಗಿರುತ್ತದೆ. ಆಫೀಸಿಗೆ ಹೋಗಬೇಕೋ ಬೇಡವೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಎರಡು ಗಂಟೆ ಟ್ರಾಫಿಕ್‌ನಲ್ಲಿ ನಿಂತು, ಹೋಗಿ ಬಂದವರ ಲೆಕ್ಕವೂ ತಪ್ಪುತ್ತದಲ್ಲ, ಬೆಂಗಳೂರಿನ ಐಟಿ ನೌಕರರಿಗೆ ಹೆಚ್ಚು ಉರಿಯುವುದು ಅದು. ಆ ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ಗೊತ್ತಿದ್ದರೆ ತಪ್ಪನ್ನು ಹಿಡಿಯಬಹುದು.

ನಿಯಮಗಳು ಕಂಪನಿಗೊಂದು ಥರ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ 5 ದಿನವೂ ಬನ್ನಿ ಎಂದಿತು. 2024ರ ಏಪ್ರಿಲ್‌ನಲ್ಲಿ ಬಂದ ವರದಿಗಳ ಪ್ರಕಾರ ಅಲ್ಲಿ ಮೂರು ತಿಂಗಳ ವೇರಿಯಬಲ್ ಪೇ, ಅಂದರೆ ಸಂಬಳದಲ್ಲಿ ಹೆಚ್ಚುಕಡಿಮೆಯಾಗುವ ಭಾಗ, ಹಾಜರಾತಿಗೆ ಗಂಟುಬಿತ್ತು: 60%ಗಿಂತ ಕಡಿಮೆಯಾದರೆ ಏನೂ ಇಲ್ಲ, 60ರಿಂದ 75ರವರೆಗೆ ಅರ್ಧ, 75ರಿಂದ 85ರವರೆಗೆ ಮುಕ್ಕಾಲು, ಅದರಾಚೆ ಪೂರ್ತಿ. ವಿಪ್ರೊ 2023ರ ನವೆಂಬರ್ 15ರಿಂದ ವಾರಕ್ಕೆ 3 ದಿನ ಎಂದಿತು. ಇನ್ಫೋಸಿಸ್ 2025ರ ಮಾರ್ಚ್ 10ರಿಂದ ಟೀಂ ಲೀಡರ್ ಮತ್ತು ಅದಕ್ಕಿಂತ ಕೆಳಗಿನ ಹಂತದವರಿಗೆ ತಿಂಗಳಿಗೆ 10 ದಿನ ಕಡ್ಡಾಯ ಮಾಡಿತು. ಅಮೆಜಾನ್ 2025ರ ಜನವರಿ 2ರಿಂದ 5 ದಿನಕ್ಕೆ ಹೋಯಿತು. ವಾರದ ಲೆಕ್ಕ, ತಿಂಗಳ ಲೆಕ್ಕ, ಶೇಕಡಾ ಲೆಕ್ಕ ಮೂರೂ ಬೇರೆ ಬೇರೆ. ಗೋಜಲು ಶುರುವಾಗುವುದೇ ಇಲ್ಲಿಂದ.

ಶೇಕಡಾ ಲೆಕ್ಕದಲ್ಲಿ ಎಲ್ಲರೂ ಮೇಲಿನ ಅಂಕಿ ನೋಡುತ್ತಾರೆ. ಏಟು ಬೀಳುವುದು ಕೆಳಗಿನ ಅಂಕಿಯಿಂದ, ಅಂದರೆ ಒಟ್ಟು ಎಷ್ಟು ದಿನಕ್ಕೆ ಭಾಗಿಸಿದರು ಎಂಬುದರಿಂದ. ಸರ್ಕಾರಿ ರಜೆ ಕಳೆದು ಮೂರು ತಿಂಗಳಲ್ಲಿ 62 ಕೆಲಸದ ದಿನ ಇವೆ ಎನ್ನಿ. ಒಬ್ಬರು 50 ದಿನ ಆಫೀಸಿಗೆ ಬಂದರು, 7 ದಿನ ಮನೆಯಿಂದ ಕೆಲಸ ಮಾಡಿದರು, 5 ದಿನ ಮಂಜೂರಾದ ರಜೆ ಹಾಕಿದರು. ರಜೆಯನ್ನು ಕಳೆದರೆ 57ಕ್ಕೆ 50, ಅಂದರೆ 87.7%. ಕಳೆಯದಿದ್ದರೆ 62ಕ್ಕೆ 50, ಅಂದರೆ 80.6%. ಮೇಲೆ ಹೇಳಿದಂಥ ಶ್ರೇಣಿಗಳಿರುವ ಕಡೆ ಮೊದಲನೆಯದಕ್ಕೆ ಪೂರ್ತಿ ವೇರಿಯಬಲ್ ಪೇ, ಎರಡನೆಯದಕ್ಕೆ ಮುಕ್ಕಾಲು. ಮನುಷ್ಯ ಅವನೇ, ಬಂದ ದಿನಗಳೂ ಅವೇ. ಹಕ್ಕಿನ ರಜೆ ತೆಗೆದುಕೊಂಡಿದ್ದಕ್ಕೆ ದುಡ್ಡು ಹೋಗುತ್ತದೆ, ಅದೂ ಯಾರೂ ಬಾಯಿಬಿಟ್ಟು ಹೇಳದೆ. ಪಾಲಿಸಿಯ ಕಡತದಲ್ಲಿ ಮೊದಲು ಹುಡುಕಬೇಕಾದ ಸಾಲು ಇದು: ರಜೆ, ಹೆರಿಗೆ ರಜೆ, ಕಂಪ್ ಆಫ್ (ರಜಾದಿನ ದುಡಿದದ್ದಕ್ಕೆ ಬದಲಿ ರಜೆ), ಕ್ಲೈಂಟ್ ಭೇಟಿ, ತರಬೇತಿ ಇವನ್ನೆಲ್ಲ ಒಟ್ಟು ದಿನಗಳಿಂದ ಕಳೆಯುತ್ತಾರೋ ಇಲ್ಲವೋ. ಆ ಸಾಲು ಇಲ್ಲದಿದ್ದರೆ ಮೇಲ್‌ನಲ್ಲಿ ಕೇಳಿ, ಮೇಲ್‌ನಲ್ಲೇ ಉತ್ತರ ಪಡೆಯಬೇಕು. ಕಾರಿಡಾರಿನಲ್ಲಿ ಕೇಳಿದ ಉತ್ತರ ಅಪ್ರೈಸಲ್ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ.

ವಾರದ ಲೆಕ್ಕಕ್ಕೆ ಬೇರೆ ತೊಡಕಿದೆ. ಆಯುಧಪೂಜೆ, ವಿಜಯದಶಮಿ ಎರಡೂ ಕೆಲಸದ ದಿನಗಳಂದೇ ಬಂದವು ಎನ್ನಿ. ವಾರಕ್ಕೆ 3 ದಿನ ಎಂಬ ನಿಯಮವನ್ನು ಹಾಗೇ ಹಿಡಿದರೆ ಉಳಿದ ಮೂರಕ್ಕೆ ಮೂರೂ ದಿನ ಆಫೀಸು. ಹಬ್ಬಕ್ಕೆ ಊರಿಗೆ ಹೋದವರು ಮರುದಿನ ಬೆಳಿಗ್ಗೆಯೇ ಗೇಟಿನಲ್ಲಿರಬೇಕು. ಅದನ್ನೇ 5ಕ್ಕೆ 3, ಅಂದರೆ 60% ಎಂದು ಓದಿದರೆ 3 ದಿನಕ್ಕೆ 1.8, ಅಂದರೆ 2 ದಿನ ಸಾಕು. ತಿಂಗಳ ಲೆಕ್ಕದಲ್ಲೂ ಹೀಗೇ: 22 ದಿನದ 60% ಎಂದರೆ 13.2. ಅದನ್ನು 13ಕ್ಕೆ ಇಳಿಸುತ್ತಾರೋ 14ಕ್ಕೆ ಏರಿಸುತ್ತಾರೋ ಎಂದು ಮೊದಲೇ ತಿಳಿದಿರಬೇಕು.

ಇನ್ನು ಗೇಟಿಗೆ ಬರೋಣ. ಕಾರ್ಡ್ ತೋರಿಸಿದಾಗ ಬೀಪ್ ಎಂದು ಹಸಿರು ದೀಪ ಹತ್ತಿದರೆ ಹಾಜರಿ ಬಿತ್ತು ಎಂದೇ ಎಲ್ಲರೂ ತಿಳಿಯುತ್ತಾರೆ. ಹಸಿರು ದೀಪ ಹೇಳುವುದು ಬಾಗಿಲು ತೆರೆಯಲು ನಿಮಗೆ ಅನುಮತಿ ಇದೆ ಎಂಬುದನ್ನು ಮಾತ್ರ. ಆ ತೀರ್ಮಾನವನ್ನು ಸಾಮಾನ್ಯವಾಗಿ ಗೇಟಿನ ಹತ್ತಿರವೇ ಇರುವ ಕಂಟ್ರೋಲರ್ ತನ್ನಲ್ಲಿರುವ ಪಟ್ಟಿ ನೋಡಿ ಕೊಡುತ್ತದೆ. ಸ್ವೈಪಿನ ದಾಖಲೆ ಅಲ್ಲಿಂದ ಮುಖ್ಯ ಸರ್ವರಿಗೆ, ಸರ್ವರಿನಿಂದ ಎಚ್‌ಆರ್ ತಂತ್ರಾಂಶಕ್ಕೆ ಹೋಗಬೇಕು. ನಡುವೆ ನೆಟ್‌ವರ್ಕ್ ಬಿದ್ದಿದ್ದರೆ ಕಂಟ್ರೋಲರ್ ದಾಖಲೆಗಳನ್ನು ತನ್ನಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಅಷ್ಟರಲ್ಲಿ ಎಚ್‌ಆರ್ ವರದಿ ತೆಗೆದಿದ್ದರೆ ನೀವು ಆಬ್ಸೆಂಟ್. ಒಂದೇ ದಿನ, ಒಂದೇ ಗೇಟಿನಿಂದ ಬಂದ ನಾಲ್ಕೈದು ಜನರಿಗೆ ಗೈರು ಬಿದ್ದಿದ್ದರೆ ಕಾರಣ ಬಹುಪಾಲು ಇದೇ. ಒಬ್ಬೊಬ್ಬರೇ ರೆಗ್ಯುಲರೈಸೇಷನ್, ಅಂದರೆ ಹಾಜರಿ ತಿದ್ದುವ ಮನವಿ, ಹಾಕುವ ಬದಲು ಎಲ್ಲರೂ ಸೇರಿ ಗೇಟು, ದಿನಾಂಕ, ಸಮಯ ಬರೆದು ಒಂದೇ ಟಿಕೆಟ್ ಹಾಕಿದರೆ ಸೆಕ್ಯುರಿಟಿ ತಂಡ ಲಾಗ್ ತೆಗೆಯಲೇಬೇಕಾಗುತ್ತದೆ.

ಬೆಳಿಗ್ಗೆ ಹತ್ತರ ನೂಕುನುಗ್ಗಲಿನಲ್ಲಿ ಇನ್ನೊಂದು ತಪ್ಪಾಗುತ್ತದೆ. ಮುಂದಿನವರ ಹಿಂದೆಯೇ ಒಳನುಗ್ಗುವುದು, ಅಥವಾ ಲಿಫ್ಟಿನ ಸಾಲು ಉದ್ದವಾಯಿತೆಂದು ಗಾರ್ಡ್ ಪಕ್ಕದ ಗೇಟು ತೆರೆದುಬಿಡುವುದು. ಒಳಬಂದ ಸ್ವೈಪ್ ಇಲ್ಲ, ಸಂಜೆ ಹೊರಹೋದ ಸ್ವೈಪ್ ಮಾತ್ರ ಇದೆ. ತಂತ್ರಾಂಶಕ್ಕೆ ಅದು ಅರ್ಧ ದಾಖಲೆ. ಫೈರ್ ಡ್ರಿಲ್ ದಿನವೂ ಅಷ್ಟೇ, ಗೇಟುಗಳೆಲ್ಲ ತೆರೆದಿರುತ್ತವೆ, ಮರಳಿ ಬರುವಾಗ ಯಾರೂ ಕಾರ್ಡ್ ತೋರಿಸುವುದಿಲ್ಲ. ಕಾರ್ಡ್ ಮನೆಯಲ್ಲಿ ಮರೆತ ದಿನ ರಿಸೆಪ್ಷನ್‌ನಲ್ಲಿ ಕೊಡುವ ತಾತ್ಕಾಲಿಕ ಕಾರ್ಡಿಗೆ ಬೇರೆ ನಂಬರ್. ಆ ನಂಬರನ್ನು ನಿಮ್ಮ ಎಂಪ್ಲಾಯೀ ಐಡಿಗೆ ಯಾರಾದರೂ ಕೈಯಾರೆ ಜೋಡಿಸಬೇಕು. ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ಕಾರ್ಡಿನ ಮೇಲಿನ ನಂಬರನ್ನು ಗುರುತುಹಾಕಿಕೊಳ್ಳಿ. ಕ್ಲೈಂಟ್ ಕಚೇರಿಯಲ್ಲಿ ಕೂರುವವರ ಕಷ್ಟ ಇನ್ನೂ ಹೆಚ್ಚು. ಅವರ ಸ್ವೈಪ್ ಬೀಳುವುದು ಕ್ಲೈಂಟ್‌ನ ವ್ಯವಸ್ಥೆಯಲ್ಲಿ, ಸಂಬಳ ಕೊಡುವ ಕಂಪನಿಗೆ ಅದು ಕಾಣುವುದೇ ಇಲ್ಲ. ಪ್ರಾಜೆಕ್ಟ್ ಸೇರಿದ ಮೊದಲ ವಾರವೇ ಕೆಲಸದ ಸ್ಥಳವನ್ನು ಪೋರ್ಟಲ್‌ನಲ್ಲಿ ಬದಲಿಸದಿದ್ದರೆ ಮೂರು ತಿಂಗಳ ಗೈರು ಒಟ್ಟಿಗೇ ಬಂದು ಬೀಳುತ್ತದೆ.

ನೈಟ್ ಶಿಫ್ಟ್‌ನವರ ಲೆಕ್ಕ ದಿನಾಂಕ ಬದಲಾಗುವಲ್ಲಿ ಕೆಡುತ್ತದೆ. ರಾತ್ರಿ 9:30ಕ್ಕೆ ಒಳಗೆ, ಬೆಳಿಗ್ಗೆ 6:30ಕ್ಕೆ ಹೊರಗೆ. ದಿನಾಂಕವನ್ನಷ್ಟೇ ನೋಡುವ ತಂತ್ರಾಂಶಕ್ಕೆ ಮೊದಲ ದಿನ ಹೊರಹೋಗಿದ್ದು ಕಾಣುವುದಿಲ್ಲ, ಮರುದಿನ ಒಳಬಂದಿದ್ದು ಕಾಣುವುದಿಲ್ಲ. ಎರಡೂ ದಿನ ಅಪೂರ್ಣ. ರೋಸ್ಟರಿನಲ್ಲಿ ನಿಮ್ಮ ಶಿಫ್ಟ್ ಸರಿಯಾಗಿ ನಮೂದಾಗಿದ್ದರೆ ಮಾತ್ರ ಇದು ಸರಿಹೋಗುತ್ತದೆ. ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ದಿನಾಂಕ ಬರೆದುಕೊಂಡರೆ ಅದರ ಮಧ್ಯರಾತ್ರಿ ನಮ್ಮ ಬೆಳಗಿನ 5:30. ಜಪಾನ್, ಆಸ್ಟ್ರೇಲಿಯಾ ಕ್ಲೈಂಟ್‌ಗಳಿಗಾಗಿ ನಸುಕಿನ 5:15ಕ್ಕೆ ಬಂದವರ ಹಾಜರಿ ಹಿಂದಿನ ದಿನಕ್ಕೆ ಸೇರಿಹೋಗುತ್ತದೆ. ಸೋಮವಾರದ ಸ್ವೈಪ್ ಭಾನುವಾರದಲ್ಲಿ ಕಂಡರೆ ಇದನ್ನೇ ಅನುಮಾನಿಸಿ.

ಬರೀ ಬಂದುಹೋದರೆ ಸಾಲದು, ಇಂತಿಷ್ಟು ಗಂಟೆ ಇರಬೇಕು ಎಂಬ ನಿಯಮಕ್ಕೆ ಒಂದು ಹಿನ್ನೆಲೆಯಿದೆ. ಸ್ವೈಪ್ ಮಾಡಿ, ಕಾಫಿ ಕುಡಿದು, ಮನೆಗೆ ಮರಳುವ ಪದ್ಧತಿಗೆ ಕಾಫಿ ಬ್ಯಾಡ್ಜಿಂಗ್ ಎಂಬ ಹೆಸರೇ ಬಿತ್ತು. ತಂಡದ ಉಳಿದವರೆಲ್ಲ ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇದ್ದು, ಆಫೀಸಿಗೆ ಬಂದರೂ ಹೆಡ್‌ಫೋನ್ ಹಾಕಿಕೊಂಡು ಅದೇ ಕಾಲ್‌ನಲ್ಲಿ ಕೂರಬೇಕಾದಾಗ ಜನ ಹಾಗೆ ಮಾಡಿದ್ದು ನನಗೆ ಅರ್ಥವಾಗುತ್ತದೆ. ಗಂಟೆ ಎಣಿಸುವಲ್ಲಿ ಎರಡು ವಿಧಾನ. ಮೊದಲ ಸ್ವೈಪಿನಿಂದ ಕೊನೆಯ ಸ್ವೈಪಿನವರೆಗಿನ ಅವಧಿ ಒಂದು. ಒಳಗಿದ್ದ ನಿಮಿಷಗಳನ್ನಷ್ಟೇ ಕೂಡಿಸುವುದು ಇನ್ನೊಂದು. ಬೆಳಿಗ್ಗೆ 9:40ರಿಂದ ಸಂಜೆ 6:50 ಎಂದರೆ ಮೊದಲ ವಿಧಾನದಲ್ಲಿ 9 ಗಂಟೆ 10 ನಿಮಿಷ. ಊಟಕ್ಕೆ 50 ನಿಮಿಷ, ಎರಡು ಸಲ ಟೀಗೆ ಇಪ್ಪತ್ತಿಪ್ಪತ್ತು ನಿಮಿಷ ಗೇಟಿನಾಚೆ ಹೋದರೆ ಎರಡನೆಯದರಲ್ಲಿ 7 ಗಂಟೆ 40 ನಿಮಿಷ. ಕೆಫೆಟೇರಿಯಾ ಎಲ್ಲಿದೆ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಸ್ವಂತ ಕ್ಯಾಂಪಸ್‌ನವರು ಗೇಟಿನ ಒಳಗೇ ಊಟ ಮಾಡುತ್ತಾರೆ. ಟೆಕ್ ಪಾರ್ಕಿನಲ್ಲಿ ಎರಡು ಮಹಡಿ ಬಾಡಿಗೆ ಹಿಡಿದ ಕಂಪನಿಯವರು ಎಲ್ಲರಿಗೂ ಸೇರಿದ ಫುಡ್ ಕೋರ್ಟಿಗೆ ಇಳಿಯಲೇಬೇಕು. ಒಂದೇ ನಿಯಮ ಇಬ್ಬರಿಗೂ ಒಂದೇ ಆಗಿ ಉಳಿಯುವುದಿಲ್ಲ.

ಮೊಬೈಲ್ ಆ್ಯಪ್‌ನಲ್ಲಿ ಹಾಜರಿ ಹಾಕುವ ಕಡೆ ತಪ್ಪುಗಳು ಬಹುತೇಕ ನೆಲಮಾಳಿಗೆಯಲ್ಲಿ ಆಗುತ್ತವೆ. ಗಾಡಿ ನಿಲ್ಲಿಸಿ ಅಲ್ಲೇ ಬಟನ್ ಒತ್ತಿದರೆ ಜಿಪಿಎಸ್ ಸಿಗುವುದಿಲ್ಲ. ಆ್ಯಪ್ ಹಳೆಯ ಜಾಗವನ್ನೇ ಹಿಡಿದು ಗಡಿಯ ಹೊರಗಿದ್ದೀರಿ ಎನ್ನುತ್ತದೆ. ಮೇಲೆ ಬಂದು ಕಿಟಕಿಯ ಹತ್ತಿರ ಅರ್ಧ ನಿಮಿಷ ನಿಂತು ಒತ್ತಿ. ಫೋನಿನ ಸೆಟ್ಟಿಂಗಿನಲ್ಲಿ ನಿಖರ ಲೊಕೇಶನ್ ಆನ್ ಆಗಿರಲಿ, ಬ್ಯಾಟರಿ ಸೇವರ್ ಆಫ್ ಆಗಿರಲಿ, ಅನುಮತಿ ಮಾತ್ರ ಆ್ಯಪ್ ಬಳಸುವಾಗಷ್ಟೇ ಇರಲಿ. ಕೆಲವು ಕಡೆ ಲ್ಯಾಪ್‌ಟಾಪ್ ಆಫೀಸಿನ ವೈಫೈಗೆ ಸೇರಿದ್ದನ್ನೇ ಹಾಜರಿ ಎಂದು ಎಣಿಸುತ್ತಾರೆ. ಅಲ್ಲಿ ವೈಫೈ ನಿಧಾನ ಎಂದು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡವರು ದಿನವಿಡೀ ಸೀಟಿನಲ್ಲಿದ್ದರೂ ಇಲ್ಲದವರಾಗುತ್ತಾರೆ. ಸುಳ್ಳು ಲೊಕೇಶನ್ ತೋರಿಸುವ ಆ್ಯಪ್ ಹಾಕಬೇಡಿ, ಸ್ನೇಹಿತರ ಕೈಗೆ ಕಾರ್ಡ್ ಕೊಡಬೇಡಿ. ಹಾಜರಾತಿ ಕಡಿಮೆಯಾದರೆ ಅದು ಶೇಕಡಾ ಲೆಕ್ಕದ ತಕರಾರು. ಸುಳ್ಳು ಹಾಜರಿ ಸಿಕ್ಕಿಬಿದ್ದರೆ ಅದು ವಂಚನೆಯ ಆರೋಪವಾಗುತ್ತದೆ, ಕೆಲಸವೇ ಹೋಗಬಹುದು.

ಇಷ್ಟೆಲ್ಲ ಲೆಕ್ಕದಲ್ಲಿ ರಸ್ತೆಗೆ ಜಾಗವಿಲ್ಲ ಎನ್ನುವುದೇ ನನಗೆ ಸಂಕಟ. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಸೂಚ್ಯಂಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್. ಆ ಸರಾಸರಿಯಲ್ಲೇ 18 ಕಿ.ಮೀ. ದೂರದವರಿಗೆ ಹೋಗಿಬರಲು 2 ಗಂಟೆ, ತಿಂಗಳಿಗೆ 12 ದಿನ ಹೋದರೆ 24 ಗಂಟೆಗೂ ಹೆಚ್ಚು. ಸಿಲ್ಕ್ ಬೋರ್ಡ್, ಬೆಳ್ಳಂದೂರು, ಮಾರತಹಳ್ಳಿ ದಾಟುವವರಿಗೆ ಇದೂ ಕಡಿಮೆಯೇ. ಮೆಟ್ರೊ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡಾಗ ವೈಟ್‌ಫೀಲ್ಡ್ ಕಡೆಯವರು ಉಸಿರು ಬಿಟ್ಟರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದದ್ದು ಮೂರೇ ರೈಲಿನಲ್ಲಿ, 25 ನಿಮಿಷಕ್ಕೊಂದರಂತೆ. ಕೋವಿಡ್ ಕಾಲದಲ್ಲಿ ಹಾಸನ, ಶಿವಮೊಗ್ಗ, ಹುಬ್ಬಳ್ಳಿಗೆ ಮರಳಿ, ವಯಸ್ಸಾದ ಅಪ್ಪ ಅಮ್ಮನ ಜೊತೆ ಇದ್ದುಕೊಂಡೇ ಕೆಲಸ ಮಾಡಿದವರು ಮತ್ತೆ ಅಡ್ವಾನ್ಸ್ ಹೊಂದಿಸಿ ಮನೆ ಹಿಡಿಯಬೇಕಾಯಿತು. ಅವರ ಕೋಪವನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಹಾಗಾದರೆ ನೌಕರರ ಕೈಯಲ್ಲಿ ಏನಿದೆ? ಮೊದಲನೆಯದು ಸ್ವಂತ ದಾಖಲೆ. ದಿನಾಂಕ, ಒಳಬಂದ ಸಮಯ, ಹೊರಹೋದ ಸಮಯ, ಗೇಟು, ಆ ದಿನ ಏನಾದರೂ ವ್ಯತ್ಯಾಸವಾಗಿದ್ದರೆ ಅದು, ಇಷ್ಟು ಸಾಕು. ಬರೆದುಕೊಳ್ಳಲು ದಿನಕ್ಕೆ ಒಂದು ನಿಮಿಷ. ಜೊತೆಗೆ ಮೆಟ್ರೊ ಅಥವಾ ಕ್ಯಾಬ್ ರಸೀದಿ, ಕೆಫೆಟೇರಿಯಾ ಬಿಲ್, ಸೀಟ್ ಬುಕಿಂಗ್ ಮೇಲ್ ಇಟ್ಟುಕೊಳ್ಳಿ. ಪೋರ್ಟಲ್‌ನಲ್ಲಿ ವಾರಕ್ಕೊಮ್ಮೆ, ಶುಕ್ರವಾರ, ನಿಮ್ಮ ಹಾಜರಿ ನೋಡಿ. ತಿಂಗಳ ಕೊನೆಗೆ ನೋಡಿದರೆ ರೆಗ್ಯುಲರೈಸೇಷನ್ ಗಡುವು ಮುಗಿದಿರುತ್ತದೆ, ಮ್ಯಾನೇಜರ್ ಒಪ್ಪಿದರೂ ಪೋರ್ಟಲ್ ಒಪ್ಪುವುದಿಲ್ಲ. ಮನವಿಯಲ್ಲಿ “ಸಿಸ್ಟಂ ಎರರ್” ಎಂದು ಬರೆಯಬೇಡಿ. “14ನೇ ತಾರೀಖು ಬೆಳಿಗ್ಗೆ 9:50, ಪೂರ್ವದ ಗೇಟು, ಗಾರ್ಡ್ ಪಕ್ಕದ ದಾರಿಯಿಂದ ಬಿಟ್ಟರು, ಸಂಜೆ 6:40ಕ್ಕೆ ಹೊರಹೋದ ಸ್ವೈಪ್ ಇದೆ” ಎಂದು ಬರೆದರೆ ತಳ್ಳಿಹಾಕುವುದು ಕಷ್ಟ. ಸಿಸಿಟಿವಿ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ, ಅದಕ್ಕೇ ಬೇಗ ಕೇಳಬೇಕು.

ಸಂಬಳಕ್ಕೆ ಕತ್ತರಿ ಬಿದ್ದರೆ ಯಾವ ಹೆಸರಿನಲ್ಲಿ ಬಿತ್ತು ನೋಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಗೈರುಹಾಜರಿಗೆ ಮಾಡುವ ಕಡಿತ ಗೈರಾದ ಅವಧಿಯ ಅನುಪಾತವನ್ನು ಮೀರುವಂತಿಲ್ಲ. ವೇರಿಯಬಲ್ ಪೇ ವಿಚಾರ ಬೇರೆ, ಅಲ್ಲಿ ಆಫರ್ ಲೆಟರಿನ ಷರತ್ತುಗಳನ್ನೇ ಓದಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಬಗ್ಗೆ ಹಲವರು ಆಸೆ ಇಟ್ಟುಕೊಂಡಿದ್ದಾರೆ. ಅದರ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಕ್ಕಾಗಿ ಒಪ್ಪಿಗೆ ಇಲ್ಲದೆಯೂ ದತ್ತಾಂಶ ಬಳಸಲು ಮಾಲೀಕರಿಗೆ ಬಿಟ್ಟಿದೆ. ನಮ್ಮ ದತ್ತಾಂಶ ನೋಡುವ, ತಿದ್ದಿಸುವ ಹಕ್ಕುಗಳು ಮಾತ್ರ ಒಪ್ಪಿಗೆಯ ಮೇಲೆ ಪಡೆದ ದತ್ತಾಂಶಕ್ಕೆ ಅನ್ವಯಿಸುವಂತೆ ಬರೆಯಲ್ಪಟ್ಟಿವೆ. ಇದು ದೊಡ್ಡ ಕೊರತೆ. ಉಪಯೋಗಕ್ಕೆ ಬರುವುದು 8ನೇ ಸೆಕ್ಷನ್: ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ದತ್ತಾಂಶ ಬಳಸುವುದಾದರೆ ಅದು ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ನಂತರ ಜಾರಿಗೆ ಬರುವಂತೆ.

ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಐಟಿ ವಲಯಕ್ಕೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಮಾಲೀಕರು ಲಿಖಿತವಾಗಿ ನಿಗದಿಮಾಡಬೇಕು ಎನ್ನುವ ಕಾನೂನು) ಇದ್ದ ವಿನಾಯಿತಿಯನ್ನು ಇನ್ನೂ 5 ವರ್ಷಕ್ಕೆ ವಿಸ್ತರಿಸಿದಾಗ ಷರತ್ತುಗಳನ್ನೂ ಹಾಕಿತ್ತು. ನೌಕರರಿಗೂ ಆಡಳಿತಕ್ಕೂ ಸಮ ಪ್ರಾತಿನಿಧ್ಯವಿರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾದಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುವು ಅದರಲ್ಲಿ ಸೇರಿದ್ದವು. ಆ ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಬರೆಯಿರಿ. ಒಬ್ಬರೇ ಬರೆಯಲು ಅಳುಕಿದ್ದರೆ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘವಿದೆ. ಕೆಲಸದ ಅವಧಿಯನ್ನು 14 ಗಂಟೆಗೆ ಏರಿಸುವ 2024ರ ಪ್ರಸ್ತಾವದ ವಿರುದ್ಧ ಬೀದಿಗಿಳಿದವರು ಇವರೇ. ದೂರಿನ ಜೊತೆ ಮೂರು ಹಾಳೆ ಲಗತ್ತಿಸಿ: ಪಾಲಿಸಿಯ ಆ ಸಾಲು, ಪೋರ್ಟಲ್‌ನ ಹಾಜರಾತಿ ಪ್ರತಿ, ನಿಮ್ಮ ಸ್ವಂತ ದಾಖಲೆ. ವ್ಯತ್ಯಾಸ ಇರುವ ದಿನಗಳಿಗೆ ಗುರುತು ಹಾಕಿ ಕೊಡಿ.