ಫರೋ ದ್ವೀಪಗಳಲ್ಲಿ ಫುಟ್‌ಬಾಲ್: ಕೆಳಗಿನ ಡಿವಿಷನ್ ಬಿಡಬೇಡಿ

ಮೊದಲು ವೀಸಾ. ಫರೋ ಡೆನ್ಮಾರ್ಕಿಗೆ ಸೇರಿದ್ದು ಅಂತ ಸುಮ್ನೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಹಿಡಿದು ಹೊರಡಬೇಡಿ. ಫರೋಗೂ ಅನ್ವಯ ಎಂದು ವೀಸಾದ ಮೇಲೆ ಬರೆದಿರಬೇಕು, ಅರ್ಜಿ ಹಾಕುವಾಗಲೇ ಕೇಳಿಕೊಳ್ಳಿ. ಕೋಪನ್‌ಹೇಗನ್‌ನಿಂದ ವಿಮಾನದಲ್ಲಿ ಸುಮಾರು ಎರಡು ತಾಸು.

18 ದ್ವೀಪ, ಐವತ್ತೈದು ಸಾವಿರದ ಆಸುಪಾಸು ಜನ, ಅಷ್ಟಕ್ಕೇ ಫುಟ್‌ಬಾಲ್ ಲೀಗಿನಲ್ಲಿ ಒಂದರ ಕೆಳಗೊಂದು ನಾಲ್ಕು ಡಿವಿಷನ್! ಸೀಸನ್ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ. ಎಲ್ಲರೂ ರಾಜಧಾನಿ ಟೋರ್ಶಾವ್ನ್‌ನ ಗುಂಡಾದಾಲೂರ್ ಮೈದಾನಕ್ಕೆ ಹೋಗುತ್ತಾರೆ. ಹೋಗಿ, ತಪ್ಪಿಲ್ಲ, ಬಂದರಿನಿಂದ ನಡೆದೇ ಹೋಗಬಹುದು, ಊರೊಳಗಿನ ಕೆಂಪು ಬಸ್ಸಂತೂ ಪುಕ್ಕಟೆ. ಆದರೆ ನನ್ನನ್ನು ಕೇಳಿದರೆ ಒಂದು ದಿನವಾದರೂ ಹಳ್ಳಿಯ ಮೈದಾನಕ್ಕೆ ಇಡಿ. ಕೆಳಗಿನ ಡಿವಿಷನ್‌ಗಳಲ್ಲಿ ದೊಡ್ಡ ಕ್ಲಬ್‌ಗಳ ಎರಡನೇ, ಮೂರನೇ ತಂಡಗಳೂ ಆಡುತ್ತವೆ, ಹಾಗಾಗಿ ಹದಿನೇಳರ ಹುಡುಗನೂ ಆಟ ಬಿಡಲು ಮನಸ್ಸಿಲ್ಲದ ನಲವತ್ತರ ಅಣ್ಣನೂ ಒಂದೇ ಮ್ಯಾಚ್‌ನಲ್ಲಿ ಸಿಗುತ್ತಾರೆ.

ನಾನು ಹೋಗಿದ್ದು ಟೊಫ್ಟಿರ್ ಎಂಬ ಹಳ್ಳಿಗೆ. ಅಲ್ಲಿನ ಸ್ವಾಂಗಾಸ್ಕಾರ್ ಮೈದಾನ ಬಂಡೆ ಒಡೆದು ಮಾಡಿದ್ದು. 1990ರಲ್ಲಿ ಫರೋ ತಂಡ ಆಸ್ಟ್ರಿಯಾವನ್ನು 1-0ರಿಂದ ಸೋಲಿಸಿತಲ್ಲ, ಆ ಮ್ಯಾಚ್ ನಡೆದದ್ದು ಸ್ವೀಡನ್ನಿನಲ್ಲಿ, ಏಕೆಂದರೆ ಆಗ ಇಡೀ ಫರೋದಲ್ಲಿ ತಕ್ಕ ಹುಲ್ಲಿನ ಮೈದಾನವೇ ಇರಲಿಲ್ಲ. ಸ್ವಾಂಗಾಸ್ಕಾರ್ ರಾಷ್ಟ್ರೀಯ ತಂಡದ ಮನೆಯಾದದ್ದು ಆಮೇಲೆ. ಅಂಥ ಜಾಗದಲ್ಲಿ ನಾನು ನೋಡಿದ್ದು ಒಂದು ರಿಸರ್ವ್ ತಂಡದ ಮ್ಯಾಚ್, ಜನ ನೂರೂ ಇರಲಿಲ್ಲ.

ಗಾಳಿ ಅಂದರೆ ಎಂಥ ಗಾಳಿ! ಕಾರ್ನರ್ ಹೊಡೆಯಲು ಒಬ್ಬ ಹುಡುಗ ಚೆಂಡಿಟ್ಟ, ಅದು ಉರುಳಿ ಹೋಯಿತು, ಮತ್ತೆ ತಂದಿಟ್ಟ, ಮತ್ತೆ ಉರುಳಿತು. ಮೂರನೇ ಸಲ ಅವನು ಓಡಿ ಬರಲೇ ಇಲ್ಲ, ನಿಂತಲ್ಲಿಂದಲೇ ಒದ್ದುಬಿಟ್ಟ. ಪಕ್ಕದಲ್ಲಿದ್ದ ಅಜ್ಜ ಚಪ್ಪಾಳೆ ತಟ್ಟಿ ಅವನ ಹೆಸರು ಹಿಡಿದು ಕೂಗಿದರು. ಅಲ್ಲಿ ಪ್ರತಿ ಆಟಗಾರನೂ ಯಾರದೋ ಮಗ, ಯಾರದೋ ಅಳಿಯ. ಹಾಫ್‌ಟೈಮ್‌ಗೆ ಕ್ಲಬ್ ಮನೆಯಲ್ಲಿ ಬಿಸಿ ವಾಫಲ್, ಮೇಲೆ ರುಬಾರ್ಬ್ ಎಂಬ ಹುಳಿ ದಂಟಿನ ಜಾಮ್, ಜೊತೆಗೆ ಕಾಫಿ. ಕಪ್ಪು ಕಾಫಿ, ಆದರೂ ಆ ಚಳಿಗೆ ಅಮೃತ. ದಯವಿಟ್ಟು ಅಲ್ಲೇ ತಿನ್ನಿ, ಆ ದುಡ್ಡು ಕ್ಲಬ್ಬಿಗೇ ಹೋಗುತ್ತದೆ.

ಒಂದು ತಪ್ಪು ನಾನು ಮಾಡಿದೆ, ನೀವು ಮಾಡಬೇಡಿ. ಭಾನುವಾರ ಬಸ್ ಕಡಿಮೆ, ವಾಪಸ್ ಬಸ್ಸಿನ ಸಮಯ ನೋಡದೇ ಹೋಗಿದ್ದೆ. ಕೊನೆಗೆ ಅದೇ ಅಜ್ಜ ತಮ್ಮ ಕಾರಿನಲ್ಲಿ ಟೋರ್ಶಾವ್ನ್‌ಗೆ ಬಿಟ್ಟರು. ದಾರಿ 11 ಕಿಲೋಮೀಟರ್ ಉದ್ದದ ಸಮುದ್ರದಡಿಯ ಸುರಂಗ, 2020ರಲ್ಲಿ ತೆರೆದದ್ದು, ಅದರೊಳಗೇ ಒಂದು ಸರ್ಕಲ್ ಇದೆ! ನೀವೇ ಕಾರು ಬಾಡಿಗೆಗೆ ತೆಗೆದುಕೊಂಡರೆ ಸುರಂಗದ ಟೋಲ್ ಜಾಸ್ತಿ, ಲೆಕ್ಕದಲ್ಲಿಡಿ.

ಮ್ಯಾಚ್ ಸಮಯ ಫರೋ ಫುಟ್‌ಬಾಲ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಛತ್ರಿ ಮನೆಯಲ್ಲೇ ಇರಲಿ, ಗಾಳಿಗೆ ನಿಲ್ಲುವುದಿಲ್ಲ. ಟೋಪಿ ಇರುವ ರೇನ್‌ಕೋಟ್ ಬೇಕು.

ಇನ್ನೊಂದು ದಿನ ಸಿಕ್ಕರೆ ಐಯಿ ಊರಿಗೆ ಹೋಗಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ಕಡಲು, ನಡುವೆ ಹಳೆಯ ಮೈದಾನ. ಈಗ ಅಲ್ಲಿ ಮ್ಯಾಚ್ ಇಲ್ಲ, ಕ್ಯಾಂಪಿಂಗ್ ಮಾಡುವವರು ಡೇರೆ ಹಾಕುತ್ತಾರೆ. ನಾನು ಹೋದಾಗ ಇಬ್ಬರು ಮಕ್ಕಳು ಡೇರೆಗಳ ಮಧ್ಯೆ ಚೆಂಡು ಒದೆಯುತ್ತಿದ್ದರು.