ತೋಟದ ಕೆಸರಿಗೆ ಟೈರು ಆರಿಸಿದ್ದು

ಸಕಲೇಶಪುರದ ಆಚೆಗಿರುವ ನಮ್ಮ ಕಾಫಿ ತೋಟ ಬೆಂಗಳೂರಿನ ಮನೆಯಿಂದ ಸುಮಾರು 230 ಕಿಲೋಮೀಟರ್ ದೂರದಲ್ಲಿದೆ. ಅದರಲ್ಲಿ ಕೊನೆಯ ಆರು ಕಿಲೋಮೀಟರ್ ಮಾತ್ರ ಮಣ್ಣಿನ ದಾರಿ, ಉಳಿದದ್ದೆಲ್ಲ ಡಾಂಬರು ಅಥವಾ ಕಾಂಕ್ರೀಟು. ತಿಂಗಳಿಗೆ ಎರಡು ಸಲ ಹೋಗಿಬರುವ ನಾನು ಈ ಸರಳ ಲೆಕ್ಕವನ್ನು ಮೊದಲೇ ಹಾಕಿದ್ದರೆ, ಮಹೀಂದ್ರಾದ ಥಾರ್ ಜೀಪು ಕೊಂಡ ವರ್ಷವೇ ಅದರ ಕಂಪನಿ ಟೈರುಗಳನ್ನು ಬಿಚ್ಚಿಸಿ, ಅಂಗಿಯ ಗುಂಡಿಗಳಂತೆ ಉಬ್ಬಿದ ದೊಡ್ಡ ದೊಡ್ಡ ರಬ್ಬರ್ ಗುಂಡಿಗಳಿರುವ, ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರುಗಳನ್ನು ಹಾಕಿಸುತ್ತಿರಲಿಲ್ಲ. ಊರಿನವರು ಬಟನ್ ಟೈರು ಎನ್ನುವುದು ಇಂಥವುಗಳನ್ನೇ. ನೋಡಲು ಅವು ಗಾಡಿಗೆ ಬಹಳ ಒಪ್ಪುತ್ತಿದ್ದವು ಎಂಬುದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ.

ನನ್ನ ಗಾಡಿಗೆ ಕಂಪನಿಯಿಂದ ಬಂದ ಅಳತೆ 245/75 ಆರ್ 16. ಎಂದರೆ ಟೈರಿನ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ಮಿನ ವ್ಯಾಸ 16 ಇಂಚು. ಲೆಕ್ಕ ಹಾಕಿದರೆ ಇಡೀ ಚಕ್ರದ ವ್ಯಾಸ ಸುಮಾರು 774 ಮಿ.ಮೀ. ಆಗುತ್ತದೆ. ನಾನು ಹಾಕಿಸಿದ್ದು 265/75 ಆರ್ 16, ಅದರ ವ್ಯಾಸ 804 ಮಿ.ಮೀ. ಮೂವತ್ತು ಮಿಲಿಮೀಟರ್ ದೊಡ್ಡದಾಯಿತೆಂದು ಹಿಗ್ಗಿದೆನಾದರೂ, ಹಿಂದಿನ ಆಕ್ಸಲ್ ನೆಲದಿಂದ ಮೇಲೇರಿದ್ದು ಅದರ ಅರ್ಧ, ಹದಿನೈದು ಮಿಲಿಮೀಟರ್ ಮಾತ್ರ. ಆ ಹದಿನೈದು ಮಿಲಿಮೀಟರಿಗೆ ತೆತ್ತ ಬೆಲೆ ಹೀಗಿತ್ತು: ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತಿತ್ತು; ಸ್ಪೀಡೋಮೀಟರಿನ ಲೆಕ್ಕ ಸುಮಾರು ಶೇ. 4ರಷ್ಟು ಹಿಂದೆ ಬಿತ್ತು. ಚಕ್ರ ಭಾರವಾದದ್ದರಿಂದ ಏರಿನಲ್ಲಿ ಗೇರು ಇಳಿಸುವುದು ಹೆಚ್ಚಾಯಿತು. ಹಾಸನ ದಾಟುವ ಹೊತ್ತಿಗೆ ಗಾಡಿಯೊಳಗೆ ಜೇನುಗೂಡು ಕಟ್ಟಿದಂತೆ ಗುಂಯ್‌ಗುಡುವ ಸದ್ದು ಕಿವಿಯಲ್ಲಿ ನಿಂತುಬಿಡುತ್ತಿತ್ತು.

ಸದ್ದನ್ನು ಸಹಿಸಬಹುದಿತ್ತು. ಆದರೆ ಮೊದಲ ಮಳೆಗಾಲದಲ್ಲೇ, ಹೆದ್ದಾರಿಯಲ್ಲಿ ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಂತಾಗ ನಾನು ಬ್ರೇಕ್ ಒತ್ತಿದೆ. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಕೆಲಸ ಮಾಡಿ ಪೆಡಲು ಪಾದದಡಿಯಲ್ಲಿ ಕಟಕಟನೆ ಕುಣಿಯುತ್ತಿದ್ದರೂ ಗಾಡಿ ಜಾರುತ್ತಲೇ ಹೋಗಿ ಲಾರಿಯ ಹಿಂಭಾಗಕ್ಕೆ ಒಂದು ಮಾರು ಉಳಿದಿರುವಾಗ ನಿಂತಿತು. ಕಾರಣವೇನೂ ಗುಟ್ಟಿನದಲ್ಲ. ಮಡ್ ಟೆರೇನ್ ಟೈರಿನಲ್ಲಿ ಗುಂಡಿಗಳ ನಡುವಿನ ಜಾಗವೇ ಹೆಚ್ಚು, ನೆಲವನ್ನು ಮುಟ್ಟುವ ರಬ್ಬರ್ ಕಡಿಮೆ. ಒದ್ದೆ ಡಾಂಬರಿನ ಮೇಲಿನ ತೆಳುನೀರನ್ನು ಒರೆಸಿ ಹಿಡಿತ ಕೊಡುವ ಸಣ್ಣ ಸೀಳುಗಳು, ಅಂದರೆ ಸೈಪುಗಳು, ಅದರ ಗುಂಡಿಗಳಲ್ಲಿ ಸಾಮಾನ್ಯವಾಗಿ ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಕೆಸರನ್ನು ಅಗೆಯಲೆಂದು ಮಾಡಿದ ವಸ್ತುವನ್ನು ನಾನು ನಯವಾದ ಒದ್ದೆ ರಸ್ತೆಯಲ್ಲಿ ಓಡಿಸುತ್ತಿದ್ದೆ.

ಹಾಗಾದರೆ ತೋಟದ ಕೆಸರಿನಲ್ಲಾದರೂ ಅವು ಮಾಂತ್ರಿಕವಾಗಿ ನಡೆದವೇ ಎಂದರೆ, ಅರ್ಧ ಮಾತ್ರ ಹೌದು. ನಮ್ಮ ಕಡೆಯ ಕೆಮ್ಮಣ್ಣಿನ ಸ್ವಭಾವವನ್ನು ಹತ್ತಿರದಿಂದ ನೋಡಬೇಕು. ಜುಲೈನಲ್ಲಿ ಮೇಲಿನ ಮೂರು ನಾಲ್ಕು ಇಂಚು ದೋಸೆ ಹಿಟ್ಟಿನಂತೆ ಕಲಸಿಹೋಗಿರುತ್ತದೆ, ಅದರ ಕೆಳಗೆ ಜಂಬಿಟ್ಟಿಗೆ ಗಟ್ಟಿಯಾಗಿ ಕುಳಿತಿರುತ್ತದೆ. ಇಲ್ಲಿ ಬೇಕಾದದ್ದು ಮೇಲಿನ ಹಿಟ್ಟನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುವ ಟೈರೇ ಹೊರತು, ಹಿಟ್ಟಿನ ಮೇಲೆ ತೇಲುವ ಅಗಲ ಟೈರಲ್ಲ. ಆಳಕ್ಕೆ ತಳವೇ ಸಿಗದ ಮರಳಿನಲ್ಲೋ ಜೌಗಿನಲ್ಲೋ ಅಗಲದಿಂದ ಲಾಭವಿದೆ, ನಮ್ಮಲ್ಲಿ ಅದು ಕೆಲವು ಸಲ ತಿರುಗುಬಾಣವಾಗುತ್ತದೆ. ಹಳೆಯ ಜೀಪುಗಳ 6.00–16 ಅಳತೆಯ ಕಿರಿದಾದ ಟೈರುಗಳು ಮಲೆನಾಡಿನಲ್ಲಿ ಇಷ್ಟು ಕಾಲ ಬಾಳಿದ್ದು ಬಡತನದಿಂದ ಮಾತ್ರವಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಕೊಡಚಾದ್ರಿ ಏರುವ ಜೀಪಿನವರು ಮಳೆಗಾಲದಲ್ಲಿ ಟೈರಿಗೆ ಚೈನು ಕಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಚೈನು ಮಾಡುವುದೂ ಕೆಳಗಿನ ಗಟ್ಟಿ ನೆಲವನ್ನು ಕಚ್ಚುವ ಕೆಲಸವನ್ನೇ.

ಒಮ್ಮೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಶೆಡ್ಡಿನ ಹಿಂದಿನ ಏರಿನಲ್ಲಿ ಸಿಕ್ಕಿಕೊಂಡು ಆಕ್ಸಿಲರೇಟರ್ ಒತ್ತುತ್ತಲೇ ಇದ್ದಾಗ, ನಮ್ಮ ತೋಟದ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರು ಕೊಡೆ ಹಿಡಿದು ಕಿಟಕಿಯ ಹತ್ತಿರ ಬಂದು, "ಸಾರ್, ಸುಮ್ನೆ ಸುತ್ತಿಸ್ಬೇಡಿ, ಗಾಳಿ ಇಳಿಸಿ ನೋಡಿ" ಎಂದರು. ಕೆಳಗಿಳಿದು ನೋಡಿದರೆ ಅಷ್ಟು ದುಡ್ಡು ಕೊಟ್ಟು ತಂದ ಗುಂಡಿಗಳ ನಡುವೆ ಕೆಮ್ಮಣ್ಣು ಮೆತ್ತಿ, ಟೈರು ಬೆಣ್ಣೆ ಉಂಡೆಯಂತೆ ನುಣ್ಣಗಾಗಿತ್ತು. ಚಕ್ರ ವೇಗವಾಗಿ ತಿರುಗಿದರೆ ಮಣ್ಣು ತಾನಾಗಿಯೇ ಎರಚಿಹೋಗುತ್ತದೆ ಎಂಬ ಮಾತು ನಿಜವಾದರೂ, ಕಡಿದಾದ ಏರಿನಲ್ಲಿ, ಪಕ್ಕದಲ್ಲೇ ಕಾಫಿ ಗಿಡಗಳಿರುವಾಗ ಆ ವೇಗವನ್ನು ತರುವ ಧೈರ್ಯ ನನಗಿರಲಿಲ್ಲ. ಹೆದ್ದಾರಿಗೆಂದು ತುಂಬಿಸಿದ್ದ 32 ಪಿಎಸ್‌ಐ ಗಾಳಿಯನ್ನು 20ಕ್ಕೆ ಇಳಿಸಿ, ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಲೋ ರೇಂಜಿನಲ್ಲಿ ಎರಡನೇ ಗೇರು ಹಾಕಿ ನಿಧಾನವಾಗಿ ಬಿಟ್ಟಾಗ ಗಾಡಿ ಮುಲುಗುತ್ತಾ ಮೇಲೇರಿತು. ಗಾಳಿ ಇಳಿದಾಗ ಟೈರು ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ರಬ್ಬರ್ ಕಲ್ಲು ಬೇರುಗಳ ಮೇಲೆ ಮಡಿಸಿಕೊಂಡು ಕೂರುತ್ತದೆ. ಆದರೆ ಇದಕ್ಕೂ ಮಿತಿಯಿದೆ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳಬಹುದು. ಡಾಂಬರು ಮುಟ್ಟಿದ ಕೂಡಲೇ ಮತ್ತೆ ತುಂಬಿಸದಿದ್ದರೆ ಟೈರು ಕಾದು ಹಾಳಾಗುತ್ತದೆ. ಆದ್ದರಿಂದ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಒಂದನ್ನು ಕೊಂಡೆ. ಇಡೀ ಟೈರು ಪುರಾಣದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಸಾರ್ಥಕ ಹಣ ಅದೇ ಇರಬೇಕು.

ಮುಂದಿನ ಸಲ ಡಾಂಬರಿಗೂ ಮಣ್ಣಿಗೂ ಹೊಂದುವ ಆಲ್ ಟೆರೇನ್ ಟೈರು, ಅದೂ ಕಂಪನಿಯ ಮೂಲ ಅಳತೆಯಲ್ಲೇ, ಎಂದು ನಿಶ್ಚಯಿಸಿದೆ. 2020ರ ಜೂನ್‌ನಲ್ಲಿ ಸರ್ಕಾರ ಟೈರುಗಳ ಆಮದಿಗೆ ನಿರ್ಬಂಧ ಹಾಕಿದ ಮೇಲೆ, ಹೊರದೇಶದವರು ವಿಡಿಯೋಗಳಲ್ಲಿ ಹೊಗಳುವ ಎಷ್ಟೋ ಟೈರುಗಳಿಗಾಗಿ ಇಲ್ಲಿ ಹುಡುಕಾಡಬೇಕು, ಇಲ್ಲವೇ ಬಾಯಿಗೆ ಬಂದ ಬೆಲೆ ಕೊಡಬೇಕು. ಅದರ ಬದಲು ಅಪೊಲೊ, ಸಿಯೆಟ್, ಜೆಕೆ, ಯೊಕೊಹಾಮಾದಂಥವರ ಟೈರುಗಳಲ್ಲೇ ಒಂದನ್ನು ಆರಿಸುವುದು ವಿವೇಕ. ಬ್ರ್ಯಾಂಡಿನ ವಿಷಯದಲ್ಲಿ ನನಗೆ ಹಟವಿಲ್ಲ. ನಡುರಾತ್ರಿ ಒಂದು ಟೈರು ಹೋದರೆ ಮರುದಿನ ಹಾಸನದಲ್ಲಿ ಅದರ ಜೋಡಿ ಸಿಗುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಹಟ ಇರುವುದು ಪಕ್ಕದ ಗೋಡೆಯ ವಿಷಯದಲ್ಲಿ. ತೋಟದೊಳಗೆ ಟೈರನ್ನು ಕೊಲ್ಲುವುದು ಕೆಸರಲ್ಲ, ಹುಲ್ಲಿನ ಮರೆಯಲ್ಲಿ ಓರೆಯಾಗಿ ಕತ್ತರಿಸಿ ಬಿಟ್ಟ ಗಿಡದ ಕೂಳೆ. ನೆಲ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದರೆ ಯಾವ ಪಂಕ್ಚರ್ ಅಂಗಡಿಯವನಾದರೂ ಹತ್ತು ನಿಮಿಷದಲ್ಲಿ ಮುಚ್ಚಿಕೊಡುತ್ತಾನೆ. ಪಕ್ಕದ ಗೋಡೆ ಸೀಳಿದರೆ ಆ ಟೈರು ಮಕ್ಕಳ ಜೋಕಾಲಿಗೇ ಸರಿ. ಹಾಗಾಗಿ ಗುಂಡಿಗಳ ವಿನ್ಯಾಸ ನೋಡುವುದಕ್ಕಿಂತ ಮೊದಲು ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಭಾರದ ಸಂಖ್ಯೆಯನ್ನು ಓದುತ್ತೇನೆ. 111 ಎಂದಿದ್ದರೆ ಒಂದು ಟೈರು 1,090 ಕಿಲೋ ಹೊರಬಲ್ಲದು. ಅದರ ಪಕ್ಕದ ಅಕ್ಷರ ವೇಗದ ಮಿತಿ. ಎಸ್ ಎಂದರೆ ಗಂಟೆಗೆ 180 ಕಿ.ಮೀ., ನನ್ನ ಗಾಡಿಗೂ ನನ್ನ ವಯಸ್ಸಿಗೂ ಧಾರಾಳವಾಯಿತು.

ಇನ್ನೊಂದು ಅಂಕಿಯನ್ನು ಓದದೆ ನಾನು ಒಮ್ಮೆ ಮೋಸಹೋಗುವುದರಲ್ಲಿದ್ದೆ. ಅಂಗಡಿಯೊಂದರಲ್ಲಿ ಒಳ್ಳೆಯ ರಿಯಾಯಿತಿಗೆ ನಾಲ್ಕು ಹೊಸ ಟೈರು ತೋರಿಸಿದರು. ಎರಡರ ಮೇಲೆ ತಯಾರಿಕೆಯ ದಿನಾಂಕವೇ ಕಾಣಲಿಲ್ಲ, ಏಕೆಂದರೆ ಅದು ಸಾಮಾನ್ಯವಾಗಿ ಟೈರಿನ ಒಂದೇ ಬದಿಯಲ್ಲಿರುತ್ತದೆ. ಮಗುಚಿ ಹಾಕಿಸಿ ಮೊಬೈಲ್ ಬೆಳಕಿನಲ್ಲಿ ನೋಡಿದರೆ ಅಂಡಾಕಾರದ ಚೌಕಟ್ಟಿನೊಳಗೆ 0821 ಎಂದಿತ್ತು, ಅಂದರೆ 2021ರ ಎಂಟನೇ ವಾರ. ನಾನು ಅಂಗಡಿಗೆ ಹೋಗಿದ್ದು 2024ರ ಮೇ ತಿಂಗಳಲ್ಲಿ. ಅಂಗಡಿಯಾತ "ಗೋಡೌನಿನಲ್ಲೇ ಇತ್ತಲ್ಲ ಸಾರ್, ಏನೂ ಆಗಿಲ್ಲ" ಎಂದ. ರಬ್ಬರಿಗೆ ಮೂರು ವರ್ಷ ಗೋಡೌನಿನಲ್ಲೇ ಕಳೆದರೂ ವಯಸ್ಸಾಗುತ್ತದೆ. ನಮಸ್ಕಾರ ಹೇಳಿ ಹೊರಬಂದೆ.

ಎರಡೇ ಟೈರು ಬದಲಿಸಿದರೆ ಸಾಲದೇ ಎಂದು ಮನೆಯಲ್ಲಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಥಾರ್‌ನಂಥ ಗಾಡಿಯಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ನಡುವೆ ಇಲ್ಲ, ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಹಿಂದಿನ ಶಾಫ್ಟುಗಳು ಒಂದೇ ವೇಗಕ್ಕೆ ಬಿಗಿದುಕೊಳ್ಳುತ್ತವೆ. ಮುಂದಿನವು ಸವೆದು ಹಿಂದಿನವು ಹೊಸತಾಗಿದ್ದರೆ ಎರಡರ ವ್ಯಾಸ ಬೇರೆಯಾಗಿ, ಆ ವ್ಯತ್ಯಾಸದ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಕೊನೆಗೆ ಐದೂ ತಂದೆ. ಸ್ಟೆಪ್ನಿಯನ್ನೂ ಸೇರಿಸಿ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸ್ಥಳ ಬದಲಿಸುತ್ತೇನೆ.

ಈಗ ಎರಡು ಮಳೆಗಾಲ ಕಳೆದಿದೆ. ಹೆದ್ದಾರಿಯಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕಿನ ಮೇಲೆ ನಂಬಿಕೆ ಬಂದಿದೆ. ಶೆಡ್ಡಿನ ಹಿಂದಿನ ಏರನ್ನು ಮಾತ್ರ ಜುಲೈ, ಆಗಸ್ಟಿನಲ್ಲಿ ಈ ಟೈರುಗಳು ಹತ್ತುವುದಿಲ್ಲ; ಆ ಎರಡು ತಿಂಗಳು ಗಾಡಿಯನ್ನು ಕೆಲಸಗಾರರ ಲೈನ್ ಮನೆಗಳ ಹತ್ತಿರವೇ ನಿಲ್ಲಿಸಿ ನಡೆದು ಹೋಗುತ್ತೇನೆ. ಗೊಬ್ಬರದ ಮೂಟೆ ಇದ್ದ ದಿನ, ರೈಟರು ತಮ್ಮ ಹಳೆಯ ಜೀಪಿಗೆ ಚೈನು ಕಟ್ಟಿಕೊಂಡು ಕೆಳಗಿಳಿದು ಬರುತ್ತಾರೆ.