ಜೀಪ್ ಟ್ರೇಲ್‌ಗೆ ಹೊರಟರೆ ಊಟಕ್ಕೇನು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಚ್ಚಾ ದಾರಿಯ ಜೀಪ್ ಪ್ರಯಾಣಕ್ಕೆ, ಅಂದರೆ ಟ್ರೇಲ್‌ಗೆ, ಟೈರು ಯಾವುದು, ಹೂತ ಗಾಡಿ ಎಳೆಯುವ ವಿಂಚ್ ಬೇಕೇ ಬೇಕಾ ಅಂತ ಕೇಳಿ ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ಊಟಕ್ಕೆ ಏನು ಮಾಡ್ಕೋತೀರಿ? ಸುಲಭವಾಗಿರಬೇಕು, ಬಾಯಿಗೆ ರುಚಿಯಾಗಿರಬೇಕು, ಮೂರು ಹೊತ್ತೂ ಮ್ಯಾಗಿ ಮಾತ್ರ ಬೇಡ."

ಉತ್ತರ ಚಿಕ್ಕದು. ಬೇಯಿಸುವುದನ್ನು ಮನೆಯಲ್ಲಿ ಬೇಯಿಸಿಕೊಳ್ಳಿ, ಟ್ರೇಲ್‌ನಲ್ಲಿ ಕಲಸಿಕೊಳ್ಳಿ. ಮಧ್ಯಾಹ್ನ ಒಲೆ ಹಚ್ಚುವ ಯೋಚನೆಯೇ ಬೇಡ. ಒಲೆ ಇರುವುದು ಬೆಳಗಿನ ಕಾಫಿ-ತಿಂಡಿಗೆ ಮತ್ತು ರಾತ್ರಿ ಒಂದೇ ಪಾತ್ರೆಯಲ್ಲಿ ಆಗುವ ಅಡುಗೆಗೆ.

ಯಾಕೆಂದರೆ ಟ್ರೇಲ್‌ನಲ್ಲಿ ಮಧ್ಯಾಹ್ನದ ಊಟದ ಹೊತ್ತು ನಮ್ಮ ಕೈಲಿರುವುದಿಲ್ಲ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಕೆಸರು ದಾರಿಯಲ್ಲಿ ಮುಂದಿನ ಗಾಡಿ ಹೂತುಕೊಂಡರೆ ಹನ್ನೆರಡೂವರೆಯ ಊಟ ನಾಲ್ಕಕ್ಕೆ ಹೋಗುತ್ತದೆ. ಮೊಣಕೈವರೆಗೆ ಕೆಸರು, ಕಾಲಿಗೆ ಉಂಬಳ, ಮೇಲೆ ಜಿಟಿಜಿಟಿ ಮಳೆ. ಆಗ ಈರುಳ್ಳಿ ಹೆಚ್ಚಿ ಒಗ್ಗರಣೆ ಹಾಕುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ. ಹನ್ನೆರಡಕ್ಕೆ ತಿಂದರೂ ನಾಲ್ಕಕ್ಕೆ ತಿಂದರೂ ಒಂದೇ ರುಚಿ ಇರುವ, ನಿಂತುಕೊಂಡೇ ಒಂದು ಕೈಯಲ್ಲಿ ತಿನ್ನಬಹುದಾದ ತಿಂಡಿ ಬೇಕು. ಅಂಥ ತಿಂಡಿ ನಮ್ಮ ಅಡುಗೆಮನೆಗಳಲ್ಲಿ ಬೇಕಾದಷ್ಟಿದೆ. ಹೊರದೇಶದ ಕ್ಯಾಂಪಿಂಗ್ ವಿಡಿಯೊ ನೋಡಿ ಸಾಸೇಜ್ ಹುಡುಕಬೇಕಾಗಿಲ್ಲ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಪುಳಿಯೋಗರೆ ಗೊಜ್ಜು. ಒಂದೇ ಬಾಟಲಿಯಿಂದ ಎರಡು ಊಟ ಆಗುತ್ತದೆ. 100 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ರಸ ತೆಗೆಯಿರಿ. 100 ಮಿಲಿ ಕಡಲೆಕಾಯಿ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ, ಕರಿಬೇವು ಗರಿಗರಿ ಆದ ಮೇಲೆ ರಸ ಸುರಿಯಿರಿ. 60 ಗ್ರಾಂ ಬೆಲ್ಲ, ಉಪ್ಪು, ಅರಿಶಿನ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಕೊನೆಗೆ ನಾಲ್ಕು ದೊಡ್ಡ ಚಮಚ ಪುಳಿಯೋಗರೆ ಪುಡಿ. ಎಣ್ಣೆ ಮೇಲೆ ತೇಲಿ, ಗೊಜ್ಜು ಬಾಣಲೆಯ ತಳ ಬಿಟ್ಟು ಬರಬೇಕು. ಇಲ್ಲಿ ಅವಸರ ಮಾಡಿ ಬೇಗ ಇಳಿಸಿದರೆ ನೀರಿನಂಶ ಉಳಿದು ನಾಲ್ಕೇ ದಿನಕ್ಕೆ ಬೂಸ್ಟು ಬರುತ್ತದೆ. ಸರಿಯಾಗಿ ಬತ್ತಿಸಿ, ಒಣ ಚಮಚವನ್ನೇ ಬಳಸಿದರೆ ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ವಾರಗಟ್ಟಲೆ ಕಾಯುತ್ತವೆ. ಈ ಅಳತೆ ಸುಮಾರು ಮುಕ್ಕಾಲು ಕೆಜಿ ಅಕ್ಕಿಯ ಅನ್ನಕ್ಕೆ ಸಾಕು.

ಮೊದಲ ದಿನ ಮಧ್ಯಾಹ್ನಕ್ಕೆ ಇದನ್ನು ಅನ್ನಕ್ಕೇ ಕಲಸಿ ಒಯ್ಯಿರಿ. ತಪ್ಪಾಗುವುದು ಅನ್ನದಲ್ಲಿ. ಬೆಳಗಿನ ಜಾವ ಬಿಸಿ ಅನ್ನ ಕಲಸಿ ಡಬ್ಬಿಗೆ ಹಾಕಿ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ, ಮಧ್ಯಾಹ್ನದ ಹೊತ್ತಿಗೆ ಅನ್ನ ಅಂಟಂಟಾಗಿ ವಾಸನೆ ಬರುತ್ತದೆ. ನೀರು ಸ್ವಲ್ಪ ಕಡಿಮೆ ಇಟ್ಟು ಉದುರುದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ, ಎರಡು ಚಮಚ ಎಣ್ಣೆ, ಉಪ್ಪು ಹಾಕಿ ಫ್ಯಾನಿನಡಿ ಬೇಗ ಆರಿಸಿ. ಪೂರ್ತಿ ತಣ್ಣಗಾದ ಮೇಲೆ ಕಲಸಿ. ಹಸಿ ತೆಂಗಿನತುರಿ, ಈರುಳ್ಳಿ ಬೇಡ, ತುರಿ ಬೇಕೇ ಬೇಕು ಅಂದರೆ ಕೊಬ್ಬರಿ ಹಾಕಿ. ಹುಳಿಯಿಲ್ಲದ ಅನ್ನದ ತಿಂಡಿಗಳನ್ನು, ಅಂದರೆ ಘೀ ರೈಸ್, ಪಲಾವ್ ಥರದವನ್ನು, ಬಿಸಿ ಗಾಡಿಯೊಳಗೆ ಅರ್ಧ ದಿನ ಇಟ್ಟು ತಿನ್ನಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಚಿಗುರಿ ವಾಂತಿ ಬರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಎರಡನೆಯ ದಿನಕ್ಕೆ ಅದೇ ಗೊಜ್ಜಿನಲ್ಲಿ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ದಪ್ಪ ತರಿ ಮಾಡಿಕೊಂಡು, ಜರಡಿ ಹಿಡಿದು ಹಿಟ್ಟು ತೆಗೆದುಬಿಡಿ. ಹಿಟ್ಟು ಉಳಿದರೆ ಮುದ್ದೆಯಾಗುತ್ತದೆ. ತಿನ್ನುವ ಅರ್ಧ ಗಂಟೆ ಮುಂಚೆ ಒಂದು ಲೋಟ ತರಿಗೆ ಒಂದು ಲೋಟ ತಣ್ಣೀರು ಲೆಕ್ಕದಲ್ಲಿ ಹಾಕಿ ಮುಚ್ಚಿಡಿ. ತರಿ ನೀರು ಕುಡಿದು ಬೆರಳಿಗೆ ಮೆತ್ತಗೆ ಸಿಕ್ಕಾಗ ಗೊಜ್ಜು, ಇನ್ನಷ್ಟು ಬೆಲ್ಲದ ಪುಡಿ, ಒಂದು ಚಮಚ ಸಾರಿನ ಪುಡಿ, ಕೊಬ್ಬರಿ ಹಾಕಿ ಕಲಸಿ. ಹುರಿದ ಕಡಲೆಕಾಯಿ ಬೀಜವನ್ನು ಬೇರೆ ಪೊಟ್ಟಣದಲ್ಲಿಟ್ಟು ಕೊನೆಗೆ ಉದುರಿಸಿ, ಮೊದಲೇ ಸೇರಿಸಿದರೆ ಮೆತ್ತಗಾಗುತ್ತದೆ. ಬೆಂಕಿ ಇಲ್ಲ, ಪಾತ್ರೆ ತೊಳೆಯುವ ರಗಳೆ ಇಲ್ಲ. ಇದಕ್ಕಿಂತ ಒಳ್ಳೆಯ ಟ್ರೇಲ್ ಊಟ ನನಗಂತೂ ಗೊತ್ತಿಲ್ಲ.

ಉತ್ತರ ಕರ್ನಾಟಕದವರಿಗೆ ಈ ಪಾಠ ಹೇಳಿಕೊಡಬೇಕಾಗಿಯೇ ಇಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿ ಪುಡಿ), ಮೇಲೊಂದು ಚಮಚ ಎಣ್ಣೆ. ನೀರಿನಂಶವೇ ಇಲ್ಲದ್ದರಿಂದ ಕೆಡುವ ಮಾತಿಲ್ಲ, ಕುಲುಕಾಟಕ್ಕೆ ಮುರಿದರೂ ಹೇಗೂ ಮುರಿದೇ ತಿನ್ನುವುದು. ಮೆತ್ತಗೆ ಬೇಕೆಂದರೆ ಎರಡೂ ಬದಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ. ಹಾಲಿನಲ್ಲಿ ನಾದಿದ ದಶಮಿ ಎರಡು ದಿನಕ್ಕೆ ಸಾಕಾಗುವಷ್ಟು ಮೆತ್ತಗಿರುತ್ತದೆ. ಸಿಹಿಗೆ ಶೇಂಗಾ ಹೋಳಿಗೆ ಒಯ್ಯಿರಿ, ಬೇಳೆ ಹೋಳಿಗೆ ಬೇಡ. ಬೇಳೆಯ ಹೂರಣದಲ್ಲಿ ನೀರಿದೆ, ಸೆಕೆಗೆ ಮರುದಿನವೇ ಹಳಸುತ್ತದೆ.

ಇಡ್ಲಿಗೂ ಒಂದು ಜಾಗ ಉಂಟು. ಚಟ್ನಿ ಪುಡಿಯನ್ನು ಎಳ್ಳೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿ, ತಣ್ಣಗಾದ ಇಡ್ಲಿಯ ಎರಡೂ ಬದಿಗೆ ಮನೆಯಲ್ಲೇ ಸವರಿ ಬಾಳೆಲೆಯಲ್ಲಿ ಕಟ್ಟಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಕಾಯಿಚಟ್ನಿ ಮಾತ್ರ ಗಾಡಿ ಹತ್ತಬಾರದು. ಮೊಸರನ್ನ ಒಯ್ಯುವವರು ಮೊಸರು ಸುರಿದು ಕಲಸಬೇಡಿ: ಮೆತ್ತಗೆ ಹಿಸುಕಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು, ಎರಡೇ ಚಮಚ ಮೊಸರು. ದಾರಿಯಲ್ಲೇ ಹೆಪ್ಪಾಗಿ ಮಧ್ಯಾಹ್ನಕ್ಕೆ ಹದವಾಗಿರುತ್ತದೆ.

ಸೀಟಿನ ಪಕ್ಕ ಯಾವಾಗಲೂ ಇರಬೇಕಾದದ್ದು ರಾಗಿ ಹುರಿಹಿಟ್ಟಿನ ಡಬ್ಬಿ. ಊಟ ತೀರಾ ತಡವಾದಾಗ ಮೂರು ಚಮಚ ಹಿಟ್ಟು, ಬೆಲ್ಲ, ಒಂದು ಲೋಟ ಮಜ್ಜಿಗೆಯೋ ನೀರೋ, ಅಷ್ಟೇ. ಹಿಟ್ಟಿಗೆ ಮೊದಲು ಸ್ವಲ್ಪವೇ ನೀರು ಹಾಕಿ ಗಂಟು ಒಡೆದು ಆಮೇಲೆ ತೆಳು ಮಾಡಿ.

ರುಚಿಯಷ್ಟೇ ಮುಖ್ಯವಾದದ್ದು ಕುಲುಕಾಟ. ಡಾಂಬರು ರಸ್ತೆಯಲ್ಲಿ ಏನೂ ಆಗದ ಡಬ್ಬಿ ಕಲ್ಲು ದಾರಿಯಲ್ಲಿ ತಾನಾಗಿ ತಿರುಗಿ ಮುಚ್ಚಳ ಬಿಚ್ಚಿಕೊಳ್ಳುತ್ತದೆ. ತಿರುಗಿಸುವ ಮುಚ್ಚಳ ಬಿಟ್ಟು, ನಾಲ್ಕು ಬದಿಗೂ ಕ್ಲಿಪ್ ಇರುವ ಸ್ಟೀಲ್ ಡಬ್ಬಿ ಕೊಳ್ಳಿ. ಗೊಜ್ಜು, ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿಯಿರಿ, ಮೇಲೊಂದು ಕವರ್ ಕಟ್ಟಿ. ಡಬ್ಬಿಗಳ ನಡುವೆ ಟವೆಲ್ ತುರುಕಿ. ಚಕ್ಕುಲಿ ಪುಡಿಯಾಗುತ್ತದೆ, ಕೋಡುಬಳೆ ಉಳಿಯುತ್ತದೆ. ಮಾಗಿದ ಬಾಳೆಹಣ್ಣು, ಟೊಮೆಟೊ ಸಂಜೆಗೆ ಪಾಯಸದಂತಾಗುತ್ತವೆ; ಸೌತೆಕಾಯಿ, ಸೀಬೆ, ಕಿತ್ತಳೆ ತಡೆಯುತ್ತವೆ. ಮೊಟ್ಟೆ ತಟ್ಟೆ ಸಮೇತ ಒಯ್ಯುವ ಬದಲು ಹತ್ತು ಮೊಟ್ಟೆ ಮನೆಯಲ್ಲೇ ಒಡೆದು ಅರ್ಧ ಲೀಟರ್ ಬಾಟಲಿಗೆ ತುಂಬಿ ಐಸ್ ಬಾಕ್ಸ್‌ನಲ್ಲಿಡಿ, ಬುರ್ಜಿಗೆ ನೇರ ಬಾಣಲೆಗೆ ಸುರಿಯಬಹುದು. ಆದರೆ ಮರುದಿನ ಬೆಳಿಗ್ಗೆಯೊಳಗೆ ಮುಗಿಸಿಬಿಡಬೇಕು. ಡೀಸೆಲ್ ಕ್ಯಾನ್ ಇರುವ ಬದಿಯಲ್ಲಿ ಅಕ್ಕಿ, ಅವಲಕ್ಕಿ ಇಡಬೇಡಿ. ತೆಳು ಪ್ಲಾಸ್ಟಿಕ್ ಕವರ್ ಆ ವಾಸನೆ ತಡೆಯುವುದಿಲ್ಲ, ಒಮ್ಮೆ ಹಿಡಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಐಸ್ ಬಾಕ್ಸ್‌ಗೆ ಬಿಡಿ ಐಸ್ ತುಂಬಿದರೆ ಸಂಜೆಗೆ ಎಲ್ಲ ಡಬ್ಬಿಯೂ ನೀರಲ್ಲಿ ಈಜುತ್ತಿರುತ್ತದೆ. ಬಾಟಲಿಗಳಿಗೆ ಮುಕ್ಕಾಲಿಗಿಂತ ತುಸು ಹೆಚ್ಚು ನೀರು ತುಂಬಿ ಹಿಂದಿನ ದಿನವೇ ಫ್ರೀಜರ್‌ನಲ್ಲಿಡಿ, ಕರಗಿದ ಮೇಲೆ ಕುಡಿಯಲೂ ಆಯಿತು. ಬಾಕ್ಸ್‌ನ ಮೂರನೇ ಒಂದು ಪಾಲಾದರೂ ಐಸ್ ಇರಲಿ, ಖಾಲಿ ಜಾಗವನ್ನು ಬಟ್ಟೆಯಿಂದ ತುಂಬಿ. ಹಿಂದಿನ ರಾತ್ರಿಯೇ ಬಾಕ್ಸ್ ಒಳಗೆ ಒಂದೆರಡು ಐಸ್ ಬಾಟಲಿ ಇಟ್ಟು ತಣ್ಣಗೆ ಮಾಡಿಕೊಳ್ಳಿ. ಕೋಳಿ ತಿನ್ನುವವರು ಅರಿಶಿನ, ಉಪ್ಪು, ಖಾರ, ಶುಂಠಿ-ಬೆಳ್ಳುಳ್ಳಿ ಹಚ್ಚಿ ಕ್ಲಿಪ್ ಡಬ್ಬಿಯಲ್ಲಿ ಕಲ್ಲಿನಂತೆ ಫ್ರೀಜ್ ಮಾಡಿ ಬಾಕ್ಸ್‌ನ ತಳಕ್ಕಿಡಿ. ಅದೂ ಐಸಿನ ಕೆಲಸ ಮಾಡುತ್ತದೆ, ಮೊದಲ ರಾತ್ರಿಗೆ ಹದವಾಗಿ ಕರಗಿರುತ್ತದೆ. ಎರಡನೆಯ ರಾತ್ರಿಗೆ ಉಳಿಸಬೇಡಿ. ಕುಡಿಯುವ ತಂಪುಪಾನೀಯಕ್ಕೆ ಬೇರೆ ಬಾಕ್ಸ್ ಇಟ್ಟರೆ ಊಟದ ಬಾಕ್ಸನ್ನು ಹತ್ತು ಸಲ ತೆರೆಯುವುದು ತಪ್ಪುತ್ತದೆ. ಎರಡನ್ನೂ ಬೆಲ್ಟ್‌ನಿಂದ ಬಿಗಿಯಾಗಿ ಕಟ್ಟಿ. ಇಳಿಜಾರಿನಲ್ಲಿ 20 ಕೆಜಿಯ ಬಾಕ್ಸ್ ಮುಂದಕ್ಕೆ ಜಾರಿ ಬಂದರೆ ಊಟದ ಚಿಂತೆ ಕೊನೆಯದಾಗುತ್ತದೆ.

ರಾತ್ರಿಗೆ ಐದು ಲೀಟರ್ ಕುಕ್ಕರ್ ಒಂದಿದ್ದರೆ ನಾಲ್ಕು ಜನರ ಹೊಟ್ಟೆ ತುಂಬುತ್ತದೆ. ಒಂದೂವರೆ ಲೋಟ ಅಕ್ಕಿ, ಮುಕ್ಕಾಲು ಲೋಟ ಹುರಿದ ಹೆಸರುಬೇಳೆ, ಮೆಣಸು, ಜೀರಿಗೆ, ಅರಿಶಿನ, ಉಪ್ಪು, ಇಷ್ಟನ್ನೂ ಮನೆಯಲ್ಲೇ ಒಂದೇ ಪೊಟ್ಟಣ ಕಟ್ಟಿ. ಏಳು ಲೋಟ ನೀರು, ಮೂರು ಕೂಗು, ಮೇಲೆ ತುಪ್ಪ. ಲೋಟ ಅಂದರೆ ಇಲ್ಲಿ 200 ಮಿಲಿಯದ್ದು, ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಬೇಳೆಯ ನೊರೆ ವಿಸಿಲ್‌ನಲ್ಲಿ ಉಕ್ಕುತ್ತದೆ, ಅಳತೆ ಹೆಚ್ಚಿಸುವುದಾದರೆ ಇನ್ನೂ ದೊಡ್ಡದು ಒಯ್ಯಿರಿ. ಬೆಳಿಗ್ಗೆಗೆ ಉಪ್ಪಿಟ್ಟಿನ ಒಣ ಮಿಶ್ರಣ: ರವೆಯನ್ನು ಒಗ್ಗರಣೆ ಸಮೇತ ಹುರಿದು ಉಪ್ಪು ಸೇರಿಸಿ, ಆರಿದ ಮೇಲೆ ಕವರ್‌ಗೆ ತುಂಬಿದರೆ ಕುದಿಯುವ ಎರಡೂವರೆ ಪಟ್ಟು ನೀರಿಗೆ ಸುರಿಯುವುದಷ್ಟೇ ಕೆಲಸ. ಕರಿಬೇವು ಹಸಿಯಾಗಿ ಉಳಿದಿದ್ದರೆ ಮಿಶ್ರಣಕ್ಕೆ ಮುಗ್ಗಲು ವಾಸನೆ ಬರುತ್ತದೆ.

ಲಡಾಖ್, ಸ್ಪಿತಿ ಕಡೆ ಹೊರಟವರಿಗೆ ಕುಕ್ಕರ್ ಅನಿವಾರ್ಯ. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದಲ್ಲಿ ನೀರು ಸುಮಾರು 93–94 ಡಿಗ್ರಿಗೆ ಕುದಿಯುತ್ತದೆ, ಅಡುಗೆಗೆ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. 3,500 ಮೀಟರಿನ ಲೇಹ್‌ನಲ್ಲಿ ಅದು 88ರ ಆಸುಪಾಸು, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ಕಾಯುತ್ತಾ ಕೂರಬೇಕು. ಅಲ್ಲಿ ಇನ್ನೊಂದು ತೊಂದರೆ ಗ್ಯಾಸಿನದು. ಅಂಗಡಿಯಲ್ಲಿ ಸಿಗುವ ಉದ್ದನೆಯ ಕ್ಯಾನ್‌ನಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಕೆಳಗೆ ಆವಿಯಾಗುವುದೇ ಇಲ್ಲ, ಕ್ಯಾನ್ ತುಂಬಿದ್ದರೂ ಒಲೆ ಹತ್ತದು. ಐಸೊಬ್ಯೂಟೇನ್, ಪ್ರೊಪೇನ್ ಬೆರೆತ ಕ್ಯಾನ್ ಬೇಕು.

ನಮ್ಮ ಘಟ್ಟಗಳಿಗೆ ಆ ಬ್ಯೂಟೇನ್ ಒಲೆಯೇ ಸಾಕು. 220 ಗ್ರಾಂ ಕ್ಯಾನ್ ಜೋರು ಉರಿಯಲ್ಲಿ ಸುಮಾರು ಒಂದೂವರೆ ಗಂಟೆ ಬರುತ್ತದೆ. ಒಲೆಗಿಂತ ಅಗಲದ ಕಾವಲಿ ಇಡುವುದು ದೊಡ್ಡ ತಪ್ಪು. ಕಾವು ಕೆಳಗೆ ಪ್ರತಿಫಲಿಸಿ ಪಕ್ಕದ ಕ್ಯಾನ್ ಕಾದು ಸಿಡಿಯಬಹುದು. ಗಾಳಿ ತಡೆಯಲು ಒಲೆಯ ಸುತ್ತ ಪೂರ್ತಿ ತಗಡು ಕಟ್ಟಿದರೂ ಅದೇ ಅಪಾಯ, ಕ್ಯಾನ್ ಇರುವ ಬದಿ ತೆರೆದಿರಲಿ. ಮಳೆ ಬಂತೆಂದು ಬಾಗಿಲು ಮುಚ್ಚಿದ ಗಾಡಿಯೊಳಗೆ ಒಲೆ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಿಂಬಾಗಿಲು ಎತ್ತಿ, ಟಾರ್ಪಾಲು ಕಟ್ಟಿ, ಹೊರಗೆ ಇಟ್ಟುಕೊಳ್ಳಿ. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಒಲೆ ಏನಿದ್ದರೂ ಎಸ್ಟೇಟ್‌ನಲ್ಲೋ ಹೋಮ್‌ಸ್ಟೇ ಅಂಗಳದಲ್ಲೋ, ಮಾಲೀಕರನ್ನು ಕೇಳಿಕೊಂಡು.

ಎಂಜಿನ್ ಮೇಲೆ ಫಾಯಿಲ್ ಪೊಟ್ಟಣ ಇಟ್ಟು ಬಿಸಿ ಮಾಡುವ ಉಪಾಯದ ಬಗ್ಗೆಯೂ ಕೇಳುತ್ತಾರೆ. ಚಪಾತಿ ಸುರುಳಿ ಬಿಸಿಯಾಗುವುದು ನಿಜ. ಆದರೆ ಒರಟು ದಾರಿಯಲ್ಲಿ ಪೊಟ್ಟಣ ಜಾರಿ ಬೆಲ್ಟಿಗೋ ಫ್ಯಾನಿಗೋ ಸಿಕ್ಕರೆ ಗಾಡಿ ಅಲ್ಲೇ ನಿಲ್ಲುತ್ತದೆ. ಒಂದು ಲೀಟರ್ ಥರ್ಮಾಸ್‌ನಲ್ಲಿ ಬಿಸಿನೀರು ಒಯ್ಯುವುದು ಜಾಣತನ.

ನೀರು ಕುಡಿಯಲು, ಅಡುಗೆಗೆ, ಕೈ ತೊಳೆಯಲು ಸೇರಿ ತಲೆಗೆ ದಿನಕ್ಕೆ ಐದು ಲೀಟರ್ ಇರಲಿ. ಕಾಫಿ ತೋಟದ ನಡುವೆ ಹರಿಯುವ ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಅಡುಗೆಗೆ ಬೇಡ. ಮೇಲಿನ ತೋಟದಲ್ಲಿ ಹೊಡೆದ ಔಷಧಿ ಕುದಿಸಿದರೆ ಹೋಗುವಂಥದ್ದಲ್ಲ. ಗ್ರೀಸ್, ಕೆಸರು ಮೆತ್ತಿದ ಕೈಗೆ ಸ್ಯಾನಿಟೈಸರ್ ಉಪಯೋಗವಿಲ್ಲ, ನಲ್ಲಿ ಇರುವ ಐದು ಲೀಟರ್ ಕ್ಯಾನ್ ಮತ್ತು ಸೋಪು ಹಿಂಬಾಗಿಲ ಬಳಿ ಕೈಗೆ ಸಿಗುವಂತಿರಲಿ.

ಉಳಿದ ಅನ್ನ, ಬಾಳೆಸಿಪ್ಪೆ, ಬಾಳೆಲೆಯನ್ನೂ ಕಾಡಿನಲ್ಲಿ ಬಿಸಾಡಬೇಡಿ. ಮಂಗಗಳಿಗೆ ಒಮ್ಮೆ ರುಚಿ ಹತ್ತಿದರೆ ಮುಂದಿನ ಗಾಡಿಯ ಕಿಟಕಿಗೆ ಕೈ ಹಾಕುತ್ತವೆ. ಮುಚ್ಚಳ ಬಿಗಿಯಾದ ಒಂದು ಬಕೆಟ್ ಇದಕ್ಕೇ ಮೀಸಲಿಡಿ. ಆನೆ ಓಡಾಡುವ ಕಡೆ ರಾತ್ರಿ ಉಳಿಯುವುದಾದರೆ ಹಲಸಿನ ಹಣ್ಣು, ಬಾಳೆಗೊನೆ, ಬೆಲ್ಲವನ್ನು ಟೆಂಟಿನಲ್ಲೂ ಇಡಬೇಡಿ, ಗಾಡಿಯಲ್ಲೂ ಇಡಬೇಡಿ. ಮಲಗುವ ಮುಂಚೆ ತಿಂದು ಮುಗಿಸಿ, ಇಲ್ಲವೇ ಹೋಮ್‌ಸ್ಟೇಯ ಅಡುಗೆಮನೆಗೆ ಕೊಟ್ಟುಬಿಡಿ.